ಗಣಿ ಕೆಡಿಸಿದ ಮಣ್ಣಿಗೆ ಬಯೋಚಾರ್ ಹಾಕುವುದು ಹೇಗೆ?

ಗಣಿ ಮುಚ್ಚಿ ವರ್ಷಗಳೇ ಕಳೆದಿರುತ್ತವೆ. ಆದರೂ ಪಕ್ಕದ ಮಣ್ಣಿನ ದಿಬ್ಬದ ಮೇಲೆ ಒಂದು ಗರಿಕೆಯೂ ಹುಟ್ಟಿರುವುದಿಲ್ಲ. ಮಳೆ ಬಂದರೆ ತುಕ್ಕಿನ ಬಣ್ಣದ ನೀರು ಹರಿಯುತ್ತದೆ. ಅಗೆದು ಮೇಲೆ ತಂದ ಕಲ್ಲಿನಲ್ಲಿ ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಇದ್ದರೆ ಹೀಗಾಗುತ್ತದೆ. ಗಾಳಿ, ನೀರು ತಾಗಿದರೆ ಪೈರೈಟ್‌ನಿಂದ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಸೀಸ, ಸತು, ತಾಮ್ರ, ಕ್ಯಾಡ್ಮಿಯಂಗಳನ್ನು ಕರಗಿಸಿ ಬೇರಿನ ಬಾಯಿಗೇ ತಂದಿಡುತ್ತದೆ.

ಇಂಥ ಕಡೆ ಬಯೋಚಾರ್, ಅಂದರೆ ಗಾಳಿ ಸರಿಯಾಗಿ ಆಡದಂತೆ ಸುಟ್ಟ ಇದ್ದಿಲು, ಕೆಲಸಕ್ಕೆ ಬರುತ್ತದೆ. ಅದರ ಮೈತುಂಬ ಸಣ್ಣ ಸಣ್ಣ ತೂತುಗಳು. ಲೋಹ ಅಲ್ಲಿ ಅಂಟಿಕೊಳ್ಳುತ್ತದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಬಯೋಚಾರ್ ಲೋಹವನ್ನು ಹೊರಗೆ ತೆಗೆಯುವುದಿಲ್ಲ, ಕಟ್ಟಿಹಾಕುತ್ತದೆ ಅಷ್ಟೇ. ಇದು ನೆನಪಿದ್ದರೆ ಮುಂದಿನ ಕೆಲಸವೆಲ್ಲ ಯಾಕೆ ಅಂತ ತಾನಾಗಿಯೇ ಅರ್ಥವಾಗುತ್ತದೆ.

ಮೊದಲು ಮಣ್ಣಿನ ಪರೀಕ್ಷೆ

ಎಂಟು ಹತ್ತು ಕಡೆಯಿಂದ 15 ಸೆಂಟಿಮೀಟರ್ ಆಳದವರೆಗಿನ ಮಣ್ಣು ತೆಗೆಯಿರಿ. ಬಣ್ಣ ಬೇರೆ ಕಾಣುವ ಜಾಗದ ಮಣ್ಣನ್ನು ಒಟ್ಟಿಗೆ ಕಲಸಬೇಡಿ, ಬೇರೆ ಚೀಲಕ್ಕೆ ಹಾಕಿ. ಪ್ರಯೋಗಾಲಯದಲ್ಲಿ ಪಿಎಚ್ (ಮಣ್ಣಿನ ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) ಎಷ್ಟಿದೆ, ಯಾವ ಲೋಹ ಎಷ್ಟಿದೆ, ಅದರಲ್ಲಿ ನೀರಿಗೆ ಕರಗುವುದು ಎಷ್ಟು ಎಂದು ಕೇಳಿ.

ಆರ್ಸೆನಿಕ್ ಪರೀಕ್ಷೆಯನ್ನು ಮಾತ್ರ ಬಿಡಲೇಬೇಡಿ. ಸೀಸ, ಕ್ಯಾಡ್ಮಿಯಂ ಕಣಗಳಿಗೆ ಧನ ವಿದ್ಯುದಾವೇಶ ಇರುತ್ತದೆ, ಇದ್ದಿಲಿನ ಮೈಗೆ ಹೆಚ್ಚಾಗಿ ಋಣ. ಹಾಗಾಗಿ ಹಿಡಿದುಕೊಳ್ಳುತ್ತದೆ. ಆರ್ಸೆನಿಕ್ ಸ್ವಭಾವ ಉಲ್ಟಾ. ಇದ್ದಿಲಿನಿಂದ ಪಿಎಚ್ ಏರಿದಾಗ ಅದು ಮಣ್ಣು ಬಿಟ್ಟು ನೀರಿಗೆ ಇಳಿಯಬಹುದು. ಒಳ್ಳೆಯದು ಮಾಡಲು ಹೋಗಿ ಬಾವಿ ಕೆಡಿಸಿದ ಹಾಗೆ ಆಗುತ್ತದೆ, ಅಲ್ವಾ? ಆರ್ಸೆನಿಕ್ ಜಾಸ್ತಿ ಇದ್ದರೆ ಸಾದಾ ಬಯೋಚಾರ್ ಬೇಡ. ಕಬ್ಬಿಣ ಲೇಪಿಸಿದ ಬಯೋಚಾರ್ ಇದೆ, ಆದರೆ ಅದು ತಜ್ಞರ ಕೈಯಲ್ಲಿ ಆಗುವ ಕೆಲಸ.

ಇದ್ದಿಲು ಮಾಡುವುದು

ಒಣ ಕೊಂಬೆ, ಜೋಳದ ದಂಟು ಯಾವುದಾದರೂ ಆದೀತು. ಬಣ್ಣ ಬಳಿದ, ಗೆದ್ದಲು ಹಿಡಿಯದ ಹಾಗೆ ರಾಸಾಯನಿಕ ಕುಡಿಸಿದ ಮರ ಮಾತ್ರ ಬೇಡ. ಅದರಲ್ಲೇ ತಾಮ್ರ, ಆರ್ಸೆನಿಕ್ ಇರಬಹುದು.

ಬಾಣಲೆಯ ಆಕಾರದ ಗುಂಡಿ ತೋಡಿ. ತಳದಲ್ಲಿ ಸ್ವಲ್ಪ ಪುಳ್ಳೆ ಒಟ್ಟಿ, ಮೇಲಿನಿಂದ ಬೆಂಕಿ ಹಚ್ಚಿ. ಪುಳ್ಳೆಯ ಮೇಲೆ ಬಿಳಿ ಬೂದಿ ಕಾಣಿಸಿಕೊಂಡ ಕೂಡಲೇ ಇನ್ನೊಂದು ಪದರ ಹಾಕಿ. ಮೇಲಿನ ಉರಿ ಗಾಳಿಯನ್ನೆಲ್ಲ ತಿಂದುಬಿಡುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತದೆ. ಗುಂಡಿ ತುಂಬಿದ ಮೇಲೆ ಧಾರಾಳವಾಗಿ ನೀರು ಸುರಿದು ಆರಿಸಿ. ತಣ್ಣಗಾದ ಮೇಲೆ ಒಂದು ಚೂರು ಕೈಯಲ್ಲಿ ಉಜ್ಜಿ ನೋಡಿ. ಬರೀ ನೀರಿಗೆ ಕೈ ಶುಚಿಯಾದರೆ ಇದ್ದಿಲು ಚೆನ್ನಾಗಿದೆ. ಜಿಡ್ಡು ಹಾಗೇ ಉಳಿದರೆ ಟಾರು ಇನ್ನೂ ಇದೆ, ಸುಟ್ಟಿದ್ದು ಸಾಲದು.

ಕಡಲೆಕಾಳಿನ ಗಾತ್ರಕ್ಕೆ ಅಥವಾ ಇನ್ನೂ ಸಣ್ಣಗೆ ಪುಡಿ ಮಾಡಿ. ಒಣಗಿದ್ದಾಗ ಕುಟ್ಟಬೇಡಿ, ದೂಳು ಎದೆಗೆ ಹೋಗುತ್ತದೆ. ಆಮೇಲೆ ಕಾಂಪೋಸ್ಟ್ ಜೊತೆ ಅರ್ಧಕ್ಕರ್ಧ ಬೆರೆಸಿ, ತೇವ ಆರದಂತೆ ಎರಡು ಮೂರು ವಾರ ಬಿಡಿ. ಕಾಂಪೋಸ್ಟ್ ಬೆರೆಸದೆ ಸುಮ್ನೆ ಬರೀ ಇದ್ದಿಲು ಹಾಕಿದರೆ ಮಣ್ಣಲ್ಲಿರುವ ಚೂರುಪಾರು ಸಾರಜನಕವನ್ನೂ ಅದು ಹಿಡಿದಿಟ್ಟುಕೊಳ್ಳಬಹುದು.

ಎಷ್ಟು ಹಾಕಬೇಕು?

ಒಂದು ಚದರ ಮೀಟರ್ ಜಾಗದಲ್ಲಿ 15 ಸೆಂಟಿಮೀಟರ್ ಆಳದ ಮಣ್ಣು ಸುಮಾರು 200 ಕಿಲೋ ತೂಗುತ್ತದೆ. ಅದರ ಶೇ 1 ಅಂದರೆ 2 ಕಿಲೋ, ಶೇ 5 ಅಂದರೆ 10 ಕಿಲೋ. ಸಾಮಾನ್ಯವಾಗಿ ಈ ಎರಡರ ನಡುವೆ ಎಲ್ಲೋ ನಿಮ್ಮ ಅಳತೆ ಸಿಗುತ್ತದೆ. ಎಲ್ಲಿ ಅನ್ನುವುದನ್ನು ಕುಂಡಗಳೇ ಹೇಳಲಿ. ನಾಲ್ಕು ಕುಂಡಕ್ಕೆ ಅದೇ ಮಣ್ಣು ತುಂಬಿ. ಒಂದಕ್ಕೆ ಏನೂ ಬೇಡ, ಉಳಿದವಕ್ಕೆ ಶೇ 1, 3, 5ರ ಲೆಕ್ಕದಲ್ಲಿ ಇದ್ದಿಲು ಬೆರೆಸಿ. ಪ್ರತಿ ಕುಂಡಕ್ಕೆ 20 ಮೂಲಂಗಿ ಬೀಜ ಬಿತ್ತಿ. ಮೂರು ವಾರ ಬಿಟ್ಟು ಎಷ್ಟು ಮೊಳೆತವು ಎಣಿಸಿ, ಒಂದೆರಡು ಗಿಡ ಕಿತ್ತು ಬೇರು ನೋಡಿ. ಮೋಟಾಗಿ, ಕಂದು ತಿರುಗಿದ ಬೇರು ಕಂಡರೆ ವಿಷ ಇನ್ನೂ ಸಡಿಲವಾಗಿಯೇ ಇದೆ. ಆ ಮೂಲಂಗಿಯನ್ನು ಯಾರೂ ತಿನ್ನಬಾರದು, ದನಕ್ಕೂ ಹಾಕಬಾರದು.

ಪಿಎಚ್ 4ಕ್ಕಿಂತ ಕೆಳಗಿದ್ದರೆ ಇದ್ದಿಲೊಂದೇ ಸಾಲದು. ಪರೀಕ್ಷೆಯ ವರದಿ ನೋಡಿ ಮೊದಲು ಕೃಷಿ ಸುಣ್ಣ ಕೊಡಿ.

ಹಾಕುವುದು ಸುಲಭದ ಕೆಲಸ. ಗಾಳಿ ಇಲ್ಲದ ದಿನ, ಒದ್ದೆ ಇದ್ದಿಲನ್ನು ಹರಡಿ, 15 ಸೆಂಟಿಮೀಟರ್‌ವರೆಗೆ ಗುದ್ದಲಿಯಿಂದ ಕಲಸಿ. ಇಳಿಜಾರಾಗಿದ್ದರೆ ಅಡ್ಡ ಬದು ಹಾಕಿ. ಇದ್ದಿಲು ಹಗುರ, ಮೊದಲ ಜೋರು ಮಳೆಗೇ ತೇಲಿ ಹೋಗುತ್ತದೆ. ಕೂಡಲೇ ಲಾವಂಚ ನೆಡಿ. ಲೋಹವನ್ನು ತಾಳಿಕೊಳ್ಳುವ ಹುಲ್ಲು ಅದು. ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ತರಕಾರಿ, ಮೇವು ಬೆಳೆಯುವ ಆಸೆ ಸದ್ಯಕ್ಕೆ ಬಿಡಿ.

ಆರು ತಿಂಗಳಿಗೊಮ್ಮೆ ಪಿಎಚ್, ವರ್ಷಕ್ಕೊಮ್ಮೆ ಕರಗುವ ಲೋಹದ ಪರೀಕ್ಷೆ ಮಾಡಿಸಿ. ಒಳಗಿನ ಪೈರೈಟ್ ಇನ್ನೂ ಆಮ್ಲ ಬಿಡುತ್ತಲೇ ಇರಬಹುದು. ಪಿಎಚ್ ಮತ್ತೆ ಇಳಿದರೆ ಕಟ್ಟಿಹಾಕಿದ ಲೋಹದ ಕಟ್ಟು ಬಿಚ್ಚಿಕೊಳ್ಳುತ್ತದೆ. ಆಗ ಬೇಕಾಗುವುದು ಹೆಚ್ಚಾಗಿ ಸುಣ್ಣ. ಇದ್ದಿಲು ಬೇಗ ಕೊಳೆಯುವುದಿಲ್ಲ, ಹಾಕಿದ್ದು ಬಹುಪಾಲು ಅಲ್ಲೇ ಇರುತ್ತದೆ.