ನೋಡದ ಟ್ರೈಲರ್‌ಗೆ ಮುಂಗಡ: ಕೊಡಲೇಬೇಕಾದರೆ ಹೀಗೆ ಕೊಡಿ

ಕಾಫಿ ಕೊಯ್ಲು ಹತ್ತಿರವಾಗುತ್ತಿದ್ದಂತೆ ಆಲೂರು, ಬೇಲೂರು, ಸಕಲೇಶಪುರದ ಕಡೆ ಹಳೆಯ ಟ್ರ್ಯಾಕ್ಟರ್ ಟ್ರೈಲರ್‌ಗಳ ಹುಡುಕಾಟ ಶುರುವಾಗುತ್ತದೆ. ದಾವಣಗೆರೆಯಲ್ಲೋ ಹಾವೇರಿಯಲ್ಲೋ ನಿಂತಿರುವ ಟ್ರೈಲರ್‌ನ ನಾಲ್ಕು ಫೋಟೊಗಳು ವಾಟ್ಸ್‌ಆ್ಯಪ್‌ಗೆ ಬರುತ್ತವೆ. ‘ಸಂಜೆ ಇನ್ನೊಬ್ಬರು ನೋಡಲು ಬರುತ್ತಾರೆ, ಬೇಕಿದ್ದರೆ ಈಗಲೇ ಅಡ್ವಾನ್ಸ್ ಹಾಕಿ’ ಎಂಬ ಮಾತು ಕೇಳಿದೊಡನೆ ನಮ್ಮವರು ಇಪ್ಪತ್ತು, ಮೂವತ್ತು ಸಾವಿರ ಕಳುಹಿಸಿಬಿಡುತ್ತಾರೆ. ಆಮೇಲೆ ಹೋಗಿ ನೋಡಿದಾಗ ಟ್ರೈಲರ್ ಹಿಡಿಸದಿದ್ದರೂ ಮುಂಗಡ ಮುಳುಗೀತೆಂಬ ಭಯಕ್ಕೆ ಅದನ್ನೇ ಎಳೆದುಕೊಂಡು ಬರುವುದನ್ನು ಪ್ರತಿ ಹಂಗಾಮಿನಲ್ಲೂ ಕಾಣುತ್ತಿದ್ದೇನೆ. ನನ್ನ ಸ್ಪಷ್ಟ ಸಲಹೆ, ನೋಡದೆ ಹಣ ಕೊಡಬೇಡಿ. ದೂರ ಅಥವಾ ಅವಸರದ ಕಾರಣಕ್ಕೆ ಕೊಡಲೇಬೇಕಾಗಿ ಬಂದರೆ ಕೆಳಗಿನ ಕ್ರಮವನ್ನು ತಪ್ಪಿಸಬೇಡಿ.

ಮೊದಲು ಆರ್‌.ಸಿ. (ನೋಂದಣಿ ಪ್ರಮಾಣಪತ್ರ) ತರಿಸಿಕೊಳ್ಳಿ. ಟ್ರೈಲರ್‌ಗೆ ಟ್ರ್ಯಾಕ್ಟರ್‌ನಿಂದ ಬೇರೆಯಾದ ನೋಂದಣಿ ಸಂಖ್ಯೆಯೂ ಆರ್‌.ಸಿ.ಯೂ ಇರಬೇಕು. ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಎಷ್ಟೋ ಟ್ರೈಲರ್‌ಗಳಿಗೆ ಇದ್ಯಾವುದೂ ಇರುವುದಿಲ್ಲ. ಅಂಥದ್ದು ಅರ್ಧ ಬೆಲೆಗೆ ಸಿಕ್ಕರೂ ನಾನು ಬೇಡವೆನ್ನುತ್ತೇನೆ, ಏಕೆಂದರೆ ರಸ್ತೆಯಲ್ಲಿ ಅಪಘಾತವಾದ ದಿನ ಪರಿಹಾರದ ಹೊರೆ ಮಾಲೀಕನ ಹೆಗಲಿಗೇ ಬರುತ್ತದೆ. ಸಂಖ್ಯೆ ಸಿಕ್ಕಿದರೆ ಸರ್ಕಾರದ ವಾಹನ ದಾಖಲೆಗಳಿರುವ ಪರಿವಾಹನ್ ಜಾಲತಾಣದಲ್ಲಿ ಹಾಕಿ ನೋಡಿ. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಅಲ್ಲಿ ಮರೆಮಾಡಿರುತ್ತಾರಾದರೂ ಆರ್‌.ಸಿ.ಯ ಹೆಸರಿನೊಂದಿಗೆ ಹೋಲಿಸಲು ಅಷ್ಟು ಸಾಕು. ಬ್ಯಾಂಕಿನ ಸಾಲದ ನಮೂದು ಇದೆಯೇ ಎಂಬುದನ್ನೂ ಗಮನಿಸಿ. ಟ್ರ್ಯಾಕ್ಟರ್ ಮತ್ತು ಟ್ರೈಲರ್ ಎರಡಕ್ಕೂ ಸೇರಿಸಿ ಒಂದೇ ಸಾಲ ಪಡೆದಿರುವುದು ಸಾಮಾನ್ಯವಾದ್ದರಿಂದ, ಟ್ರ್ಯಾಕ್ಟರ್ ಮಾರಿ ಟ್ರೈಲರ್ ಮಾತ್ರ ಉಳಿಸಿಕೊಂಡವರ ಬಳಿ ಈ ತೊಡಕು ಇರಬಹುದು. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಸಾಲದ ನಮೂದು ತೆಗೆಸಲು ಬ್ಯಾಂಕು ಸಹಿ ಮಾಡಿದ ನಮೂನೆ 35 ಬೇಕು.

ಎರಡನೆಯದು ವಿಡಿಯೊ ಕರೆ. ಮೊದಲೇ ತೆಗೆದಿಟ್ಟ ವಿಡಿಯೊ ಬೇಡ. ಕರೆಯಲ್ಲಿರುವಾಗಲೇ ಚಾಸಿ ಸಂಖ್ಯೆಯನ್ನು ತೋರಿಸಲು ಹೇಳಿ, ಅಲ್ಲಿಂದ ಕ್ಯಾಮೆರಾವನ್ನು ಕತ್ತರಿಸದೆ ಟ್ರೈಲರ್‌ನ ಅಡಿಗೆ ಒಯ್ಯಲು ಕೇಳಿ. ಇದಕ್ಕೆ ಒಪ್ಪದವರೊಂದಿಗೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಜನ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಹಣ ಕಳುಹಿಸುವ ಮುನ್ನ ಷರತ್ತು ಬರೆಸಿಕೊಳ್ಳುವಲ್ಲಿ. ಮುಂಗಡ ಯಾವ ಸಂದರ್ಭದಲ್ಲಿ ವಾಪಸು ಬರುತ್ತದೆ ಎಂಬುದನ್ನು ಯಾರೂ ಮಾತನಾಡಿಕೊಂಡಿರುವುದಿಲ್ಲ. ಕೊಂಡುಕೊಳ್ಳುವವನು ತಾನಾಗಿ ಹಿಂದೆ ಸರಿದರೆ ವ್ಯಾಪಾರದ ಖಾತರಿಗೆಂದು ಕೊಟ್ಟ ಹಣವನ್ನು ಮಾರುವವನು ಉಳಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶವುಂಟು. ಆದ್ದರಿಂದ ‘ನೋಡಿ ಒಪ್ಪಿದರೆ ಮಾತ್ರ ವ್ಯಾಪಾರ’ ಎಂಬುದು ಹಣ ಹೋಗುವ ಮೊದಲೇ ಬರಹದಲ್ಲಿ ಇರಬೇಕು. ಹಣ ಕಳುಹಿಸಿದ ಮೇಲೆ ಕೇಳಿದರೆ ಯಾರೂ ಬರೆದುಕೊಡುವುದಿಲ್ಲ. ಒಂದು ಹಾಳೆಯಲ್ಲಿ ಹೀಗೆ ಬರೆಸಿ:

‘ನನ್ನ ಹೆಸರಿನಲ್ಲಿರುವ ಟ್ರೈಲರ್ (ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ) ಮಾರಾಟಕ್ಕೆ ಒಟ್ಟು ಇಷ್ಟು ರೂಪಾಯಿ ಬೆಲೆ ಒಪ್ಪಿ, ಇಂದು ಇಷ್ಟು ಮುಂಗಡ ಪಡೆದಿದ್ದೇನೆ. ಇಂಥ ದಿನಾಂಕದವರೆಗೆ ಬೇರೆಯವರಿಗೆ ಮಾರುವುದಿಲ್ಲ. ಖರೀದಿದಾರರು ಅಷ್ಟರೊಳಗೆ ಬಂದು ಪರಿಶೀಲಿಸಿ ಯಾವುದೇ ಕಾರಣಕ್ಕೆ ಬೇಡವೆಂದರೆ, ಪೂರ್ತಿ ಮುಂಗಡವನ್ನು ಎರಡು ದಿನಗಳಲ್ಲಿ ಅದೇ ಖಾತೆಗೆ ಹಿಂದಿರುಗಿಸುತ್ತೇನೆ.’

‘ಯಾವುದೇ ಕಾರಣಕ್ಕೆ’ ಎಂಬುದನ್ನು ಬಿಡಬೇಡಿ. ‘ದೋಷವಿದ್ದರೆ’ ಎಂದಷ್ಟೇ ಬರೆದರೆ ಯಾವುದು ದೋಷ, ಯಾವುದು ಹಳೆಯ ಗಾಡಿಯಲ್ಲಿ ಇರುವಂಥದ್ದೇ ಎಂಬ ಜಗಳ ಟ್ರೈಲರ್‌ನ ಮುಂದೆ ನಿಂತೇ ಆರಂಭವಾಗುತ್ತದೆ. ದಿನಾಂಕವನ್ನೂ ಖಚಿತವಾಗಿ ಬರೆಸಿ. ‘ಆದಷ್ಟು ಬೇಗ’ ಎಂಬುದು ಇಬ್ಬರಿಗೂ ಒಳ್ಳೆಯದಲ್ಲ, ಏಕೆಂದರೆ ಮಾರುವವರೂ ನಿಮಗಾಗಿ ಬೇರೆ ಗಿರಾಕಿಗಳನ್ನು ಕಳೆದುಕೊಂಡು ಕಾಯುತ್ತಿರುತ್ತಾರೆ. ಸಹಿ ಮಾಡಿದ ಹಾಳೆಯ ಫೋಟೊ ಮಾರುವವರ ಸ್ವಂತ ಮೊಬೈಲ್ ಸಂಖ್ಯೆಯಿಂದಲೇ ಬರಲಿ. ಮೂಲ ಪ್ರತಿಯನ್ನು ಹೋದ ದಿನ ಪಡೆಯಿರಿ. ದಲ್ಲಾಳಿಗಳು ಕೆಲವೊಮ್ಮೆ ಅಚ್ಚು ಹಾಕಿಸಿದ ರೆಡಿಮೇಡ್ ಕರಾರು ಕಳುಹಿಸುತ್ತಾರೆ. ಇದ್ದ ಸ್ಥಿತಿಯಲ್ಲೇ ಒಪ್ಪಿದ್ದೇನೆ ಎಂಬ ಸಾಲು ಅದರಲ್ಲಿ ಸೇರಿದ್ದರೆ ಸಹಿ ಮಾಡಬೇಡಿ.

ಮೊತ್ತ ಐದು ಸಾವಿರ ರೂಪಾಯಿ ಮೀರಬಾರದು. ಪ್ರಾಮಾಣಿಕವಾಗಿ ಮಾರುವವರಿಗೆ ನಿಮ್ಮ ಮಾತಿನ ತೂಕ ತಿಳಿಯಲು ಅಷ್ಟು ಸಾಕು. ಹಣ ಆರ್‌.ಸಿ.ಯಲ್ಲಿ ಹೆಸರಿರುವವರ ಖಾತೆಗೇ ಹೋಗಬೇಕು. ದಲ್ಲಾಳಿಯ ಖಾತೆಗೆ, ‘ಮಗನ ನಂಬರಿಗೆ’, ನಗದಿನ ರೂಪದಲ್ಲಿ ಬೇಡ. ಯುಪಿಐನಲ್ಲಿ ಪಿನ್ ಒತ್ತುವ ಮುನ್ನ ಪರದೆಯಲ್ಲಿ ಕಾಣುವ ಹೆಸರನ್ನು ಓದಿ, ಷರಾ ಜಾಗದಲ್ಲಿ ಟ್ರೈಲರ್ ಸಂಖ್ಯೆ ಬರೆಯಿರಿ. ಮುಂಗಡ ವಾಪಸು ಮಾಡಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಮೋಸ ಗೊತ್ತಾದ ತಕ್ಷಣ, ಮರುದಿನಕ್ಕೆ ಬಿಡದೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾಲ್ಕನೆಯದು ಪರಿಶೀಲನೆ. ನಂಬಿಕೆಯ ವೆಲ್ಡರ್ ಒಬ್ಬರನ್ನು ಹಗಲಿನಲ್ಲಿಯೇ ಕರೆದೊಯ್ಯಿರಿ. ಹೊಸ ಬಣ್ಣ ನನಗೆ ಹಿಡಿಸುವುದಿಲ್ಲ. ತುಕ್ಕು ಕಾಣುವ ಟ್ರೈಲರ್ ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ, ಪುಟ್ಟಿ ಮೆತ್ತಿ ದಪ್ಪ ಕಪ್ಪು ಬಣ್ಣ ಹೊಡೆದದ್ದು ಹೇಳುವುದಿಲ್ಲ. ಟಾರ್ಚ್ ಹಿಡಿದು ಅಡಿಗೆ ನುಗ್ಗಿ, ಮುಂದಿನ ಕೊಂಡಿ ಚಾಸಿಗೆ ಸೇರುವ ಮೂಲೆಯನ್ನು ಬೆರಳಿನಿಂದ ಸವರಿ. ಬಣ್ಣದಡಿ ವೆಲ್ಡಿಂಗ್‌ನ ಉಬ್ಬು ಒಂದರ ಮೇಲೊಂದು ಸಿಕ್ಕಿದರೆ ಅಲ್ಲಿ ಹಿಂದೆಯೂ ಬಿರುಕು ಬಿಟ್ಟಿದೆ ಎಂದರ್ಥ. ಕೊಂಡಿಯ ತೂತು ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಇಳಿಜಾರಿನಲ್ಲಿ ಎಳೆತ ಏರುಪೇರಾಗುತ್ತದೆ. ಜಾಕ್ ಹಾಕಿ ಚಕ್ರವನ್ನು ಅಲುಗಾಡಿಸಿ ಬೇರಿಂಗ್ ನೋಡಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ. ರೀಟ್ರೆಡ್ (ಸವೆದ ಮೇಲೆ ಹೊಸ ಪದರ ಹಾಕಿದ) ಟೈರಿಗೆ ಹೊಸ ಟೈರಿನ ಬೆಲೆ ಕಟ್ಟಬೇಡಿ. ಟಿಪ್ಪಿಂಗ್ ಟ್ರೈಲರ್ ಆದರೆ ತೊಟ್ಟಿಯನ್ನು ಪೂರ್ತಿ ಎತ್ತಿಸಿ ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ದೂರ ನಿಂತು ಗಮನಿಸಿ, ಎತ್ತಿದ ತೊಟ್ಟಿಯ ಕೆಳಗೆ ಮಾತ್ರ ಹೋಗಬೇಡಿ. ಅದು ಮೆಲ್ಲಗೆ ಕುಸಿಯುತ್ತಿದ್ದರೆ ಹೈಡ್ರಾಲಿಕ್ ಕೆಲಸ ಇದೆ. ನಮ್ಮ ತೋಟದ ಕಿರಿದಾದ ದಾರಿಗೆ ಎರಡು ಚಕ್ರದ್ದನ್ನೇ ಕೊಳ್ಳಿ ಎಂಬುದು ನನ್ನ ಮತ, ಹಿಂದಕ್ಕೆ ತಿರುಗಿಸುವುದು ಅದರಲ್ಲೇ ಸುಲಭ.

ಬೇಡವೆನಿಸಿದರೆ ಅಲ್ಲೇ ಹೇಳಿ, ಚೀಟಿ ತೋರಿಸಿ, ಹಣ ಖಾತೆಗೆ ಬರುವವರೆಗೆ ಮೂಲ ಪ್ರತಿ ಕೊಡಬೇಡಿ. ಒಪ್ಪಿಗೆಯಾದರೆ ಉಳಿದ ಹಣ ಕೊಡುವಾಗಲೇ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಆಗಲಿ. ಖಾಲಿ ನಮೂನೆಗೆ ಸಹಿ ಹಾಕಿಸಿ ‘ಆಮೇಲೆ ತುಂಬಿಕೊಳ್ಳೋಣ’ ಎನ್ನುವುದಕ್ಕೆ ಒಪ್ಪಬೇಡಿ. ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಬದಲಿಸಲು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಹಾಕಿ, ನಿಮ್ಮ ಟ್ರ್ಯಾಕ್ಟರ್‌ನ ಪಾಲಿಸಿಯಲ್ಲಿ ಟ್ರೈಲರ್‌ನ ಸಂಖ್ಯೆ ನಮೂದಾಗಿದೆಯೇ ಎಂಬುದನ್ನು ಅಂದೇ ಕೇಳಿ ತಿಳಿದುಕೊಳ್ಳಿ.