ವಾರದ ಸಾಮಾನಿನ ರಿಕ್ಷಾ ನಿಲ್ಲಿಸಿದ ಮೇಲೆ

ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಉಡುಪಿ ಪೇಟೆಯ ಅಂಚಿನಲ್ಲಿ ನಾವು ನಡೆಸುವ ಹಗಲು ಆರೈಕೆ ಕೇಂದ್ರಕ್ಕೆ ಪ್ರತಿ ಸೋಮವಾರ ವಾರದ ದಿನಸಿ, ತರಕಾರಿ ರಿಕ್ಷಾದಲ್ಲಿ ಬರುತ್ತಿತ್ತು. ಮೂರು ವರ್ಷಗಳ ಹಿಂದಿನ ಅಕ್ಟೋಬರಿನಲ್ಲಿ ನಾನು ಅದನ್ನು ನಿಲ್ಲಿಸಿದೆ. ಬೇಕಾದ್ದನ್ನು ದಿನವೂ ಇಲ್ಲಿಗೆ ಬರುವವರೇ ನಡೆದು ಹೋಗಿ ತರಲಿ, ಅದೂ ಎಲ್ಲವನ್ನೂ ಒಂದೇ ಅಂಗಡಿಯಿಂದ ತರುವುದು ಬೇಡ ಎಂದೆ. ಲೆಕ್ಕ ನೋಡುವ ಹಿರಿಯರು ಸಿಟ್ಟಾದರು. ಸಗಟು ದರಕ್ಕೆ ಸಿಗುವ ಸಾಮಾನನ್ನು ಚಿಲ್ಲರೆಯಾಗಿ ತಂದರೆ ತಿಂಗಳಿಗೆ ಏಳೆಂಟು ನೂರು ರೂಪಾಯಿ ಹೆಚ್ಚು ಬೀಳುತ್ತದೆ ಎಂಬ ಅವರ ಮಾತು ನಿಜವೇ ಆಗಿತ್ತು. ಬಂದು ಹೋಗುವ ವೈದ್ಯರೊಬ್ಬರು, "ಇವರನ್ನು ಹಾಸಿಗೆಯಿಂದ ಏಳಿಸುವುದೇ ಕಷ್ಟ, ಪೇಟೆಗೆ ಹೋಗಿ ಬರುತ್ತಾರೆಯೇ?" ಎಂದು ಕೇಳಿದರು. ಈಗ ನಮ್ಮ 22 ಜನರಲ್ಲಿ 15 ಜನ ವಾರಕ್ಕೆ ಐದು ದಿನ ನಡೆಯುತ್ತಾರೆ. ಅದೇ ವೈದ್ಯರು ಮೊನ್ನೆ ಬೇರೆ ಊರಿನ ಕೇಂದ್ರದವರಿಗೆ, ಉಡುಪಿಗೆ ಹೋಗಿ ನೋಡಿ ಬನ್ನಿ ಎಂದು ಹೇಳಿ ಕಳುಹಿಸಿದ್ದಾರೆ. ಇವರು ನಡೆಯುವಂತೆ ಮಾಡಿದ್ದು ಹೇಗೆ ಎಂದು ಬಂದವರು ಕೇಳಿದರು, ಅದಕ್ಕೆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜನರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಒಲಾಂಜಪಿನ್, ಕ್ಲೋಜಪಿನ್‌ನಂಥ ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರ ಹೊಟ್ಟೆ ಹೇಗೆ ಬರುತ್ತದೆ, ಸಕ್ಕರೆ ಕಾಯಿಲೆ ಹೇಗೆ ಹಿಂದೆಯೇ ಬರುತ್ತದೆ ಎಂಬುದು ಈ ಕೆಲಸದಲ್ಲಿರುವ ನಿಮಗೆ ಗೊತ್ತಿದೆ. ತೀವ್ರ ಮಾನಸಿಕ ಕಾಯಿಲೆ ಇರುವವರು ಇತರರಿಗಿಂತ ಹತ್ತಿಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ, ಹೆಚ್ಚಿನವರು ದೇಹದ ಕಾಯಿಲೆಗಳಿಂದಲೇ ಸಾಯುತ್ತಾರೆ ಎಂಬುದನ್ನೂ ಓದಿರುತ್ತೀರಿ. ನಾನೂ ಓದಿದ್ದೆ. ಆದರೆ ಒಂದೇ ವರ್ಷದಲ್ಲಿ ನಮ್ಮವರಿಬ್ಬರು ಹೃದಯಾಘಾತದಿಂದ ತೀರಿಕೊಂಡರು. ಒಬ್ಬರಿಗೆ 46 ವರ್ಷ, ಇನ್ನೊಬ್ಬರಿಗೆ ಐವತ್ತೂ ತುಂಬಿರಲಿಲ್ಲ. ಇಬ್ಬರಿಗೂ ಇಲ್ಲದ ಧ್ವನಿಗಳು ಕೇಳುವುದು ನಿಂತು ವರ್ಷಗಳಾಗಿದ್ದವು, ಮಾತ್ರೆ ಒಂದು ದಿನವೂ ತಪ್ಪಿಸಿದವರಲ್ಲ. ಎರಡನೆಯವರ ಮನೆಯಿಂದ ಹಿಂದಿರುಗುವಾಗ, ನಾವು ಅರ್ಧ ಕೆಲಸವನ್ನಷ್ಟೇ ಮಾಡುತ್ತಿದ್ದೇವೆ ಎಂದು ಅನ್ನಿಸಿತು. ಆ ನೋವು ಇಂದಿಗೂ ಹೋಗಿಲ್ಲ.

ಮೊದಲು ಯೋಗ ಮಾಡಿಸಿ ಸೋತೆವು. ಬೆಳಿಗ್ಗೆ ಎಂಟಕ್ಕೆ ಶಿಕ್ಷಕರು ಬರುತ್ತಿದ್ದರು, ತಿಂಗಳಿಗೆ 4,000 ರೂಪಾಯಿ. ರಾತ್ರಿ ಹತ್ತಕ್ಕೆ ಮಾತ್ರೆ ನುಂಗಿದವರಿಗೆ ಬೆಳಿಗ್ಗೆ ಎಂಟು ಎಂದರೆ ನಡುರಾತ್ರಿ ಇದ್ದಂತೆ. ಬಂದ ಆರು ಜನರಲ್ಲಿ ನಾಲ್ವರು ಶವಾಸನದಲ್ಲಿ ನಿದ್ದೆ ಹೋಗುತ್ತಿದ್ದರು. ಆಮೇಲೆ ದಾನಿಯೊಬ್ಬರು ಟ್ರೆಡ್‌ಮಿಲ್ ಕೊಡಿಸಿದರು, ಸುಮಾರು 40,000 ರೂಪಾಯಿಯದು. ಎರಡು ವಾರ ಎಲ್ಲರೂ ಹತ್ತಿದರು, ಮೂರನೆಯ ವಾರ ಯಾರೂ ಹತ್ತಲಿಲ್ಲ. ಮಳೆಗಾಲದ ತೇವಕ್ಕೆ ಅದರ ಮೋಟರು ಕೆಟ್ಟಿತು. ರಿಪೇರಿ ಮಾಡಿಸಿ ಮಾರಿದಾಗ ಕೈಗೆ ಬಂದದ್ದು 11,000. ಹೆಜ್ಜೆ ಎಣಿಸುವ ಕೈಪಟ್ಟಿಗಳನ್ನೂ ತಂದೆವು. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆ ಎಂದು ಹನ್ನೆರಡು ವರ್ಷ ಹೆದರಿ ಬದುಕಿದವನ ಕೈಗೆ ನಾನೇ ಅಂಥ ಪಟ್ಟಿ ಕಟ್ಟಿದೆ. ಅವನು ಎರಡು ದಿನ ಊಟ ಬಿಟ್ಟ. ಆ ತಪ್ಪು ಪೂರ್ತಿ ನನ್ನದು. ನಡೆದವರಿಗೆ ಚಹಾ, ಗೋಳಿಬಜೆ ಎಂದೂ ಮಾಡಿ ನೋಡಿದೆವು. ಜನ ಬಂದರು, ಜೊತೆಗೆ ತೂಕವೂ ಏರಿತು.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ ನಮ್ಮ ಅಡುಗೆಯವರಿಗೆ ಕೊತ್ತಂಬರಿ ಸೊಪ್ಪು ಸಾಲದೆ ಹೋಯಿತು. ಎದುರಿಗೆ ಕುಳಿತಿದ್ದ ಟೈಲರಣ್ಣನಿಗೆ ಹತ್ತು ರೂಪಾಯಿ ಕೊಟ್ಟು ತರಲು ಹೇಳಿದರು. ಟೈಲರಣ್ಣ ಎಂದು ಇಲ್ಲಿ ಕರೆಯುತ್ತಿರುವವರಿಗೆ ಆಗ 42 ವರ್ಷ. ಕಾಯಿಲೆ ಬರುವ ಮೊದಲು ಅಂಗಿ ಹೊಲಿಯುತ್ತಿದ್ದರು. ಯೋಗಕ್ಕೂ ಟ್ರೆಡ್‌ಮಿಲ್ಲಿಗೂ ಒಮ್ಮೆಯೂ ಏಳದವರು ಎದ್ದು ಹೋಗಿ ಸೊಪ್ಪು ತಂದರು, ಉಳಿದ ಚಿಲ್ಲರೆಯನ್ನೂ ಎಣಿಸಿ ಕೊಟ್ಟರು. ಅಡುಗೆಯವರು ಕೇಳಿದ್ದು ವ್ಯಾಯಾಮವನ್ನಲ್ಲ, ಸೊಪ್ಪನ್ನು. ಆ ಸೋಮವಾರವೇ ರಿಕ್ಷಾದವರಿಗೆ ಫೋನ್ ಮಾಡಿ ಇನ್ನು ಬರುವುದು ಬೇಡ ಎಂದೆ.

ಆದರೆ ಸಾಮಾನು ತರುವುದಷ್ಟೇ ಸಾಲಲಿಲ್ಲ. ಮೊದಲ ತಿಂಗಳು ಅರ್ಧಕ್ಕರ್ಧ ಜನ ಬಿಟ್ಟರು. ಯಾರು ಬಿಟ್ಟರು, ಯಾರು ಉಳಿದರು ಎಂದು ದಿನಚರಿ ಪುಸ್ತಕ ತಿರುವಿ ನೋಡಿದೆ. ದಾರಿಯ ಆ ತುದಿಯಲ್ಲಿ ಯಾರಿಗೆ ಮಾತನಾಡಿಸುವ ಅಂಗಡಿಯವರು ಇದ್ದರೋ ಅವರು ಉಳಿದಿದ್ದರು. ಅಲ್ಲಿಂದ ಮುಂದೆ ನನ್ನ ಶ್ರಮವೆಲ್ಲ ಅಂಗಡಿಗಳನ್ನು ಆರಿಸುವುದಕ್ಕೆ ಹೋಯಿತು. ರಥಬೀದಿಯ ಕಡೆ ಹೂ ಮಾರುವ ಒಬ್ಬ ಅಜ್ಜಿ, ಹಿಟ್ಟಿನ ಗಿರಣಿಯವರು, ಹಾಲಿನ ಬೂತು, ಮೀನು ಮಾರುವ ಅಕ್ಕ. ಒಬ್ಬರಿಗೆ ಒಂದೇ ಅಂಗಡಿ, ದಿನವೂ ಅದೇ ಹೊತ್ತು. ಕಾಯಿಲೆಯ ವಿಷಯವನ್ನು ಅಂಗಡಿಯವರಿಗೆ ಹೇಳುವುದಿಲ್ಲ, ನಮ್ಮ ಕೇಂದ್ರದವರು ಎಂದಷ್ಟೇ ಹೇಳುತ್ತೇವೆ. ಅಷ್ಟನ್ನು ಹೇಳುವ ಮೊದಲೂ ಹೋಗುವವರ ಒಪ್ಪಿಗೆ ಕೇಳುತ್ತೇವೆ. ಅಂಗಡಿಯವರನ್ನು ಹೇಗೆ ಒಪ್ಪಿಸುತ್ತೇನೆ, ಯಾರು ಈ ಕೆಲಸಕ್ಕೆ ಆಗುವುದಿಲ್ಲ ಎಂದು ಹೇಗೆ ತಿಳಿಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಎರಡು ದಿನ ನನ್ನ ಜೊತೆ ಓಡಾಡಿದವರಿಗೆ ತೋರಿಸುತ್ತೇನೆ.

ಮೀನಿನ ಅಕ್ಕನ ಹತ್ತಿರ ಹೋಗುವವರು ಐವತ್ತು ದಾಟಿದ ಒಬ್ಬ ಹೆಂಗಸು. ಕ್ಲೋಜಪಿನ್‌ನಿಂದ ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಆ ನಾಚಿಕೆಗೆ ಅವರು ಮನೆ ಬಿಟ್ಟು ಹೊರಡುತ್ತಿರಲಿಲ್ಲ. ಹೆಗಲಿಗೆ ಒಂದು ಸಣ್ಣ ಬೈರಾಸು, ಅಂದರೆ ಟವೆಲು, ಹಾಕಿಕೊಂಡು ಹೋಗಿ ಎಂದೆವು. ಮೂರನೆಯ ದಿನ ಮೀನಿನ ಅಕ್ಕ ಅವರ ಬೈರಾಸು ನೋಡಿ, "ನನಗೂ ಒಂದು ಬೇಕು, ಬೆವರು ಒರೆಸಿ ಒರೆಸಿ ಸೆರಗು ಹಾಳಾಯಿತು" ಎಂದರಂತೆ. ಇವರು ಹಿಂದಿರುಗಿದ ಕೂಡಲೇ ಕೇಂದ್ರದಲ್ಲಿ ಎಲ್ಲರಿಗೂ ಅದನ್ನು ಹೇಳಿದರು. ಮರುದಿನ ಹೋಗುವಾಗ ಇನ್ನೊಂದು ಬೈರಾಸು ಮಡಚಿ ಚೀಲದಲ್ಲಿ ಇಟ್ಟುಕೊಂಡಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಮಾರುಕಟ್ಟೆಯಲ್ಲಿ ಮೀನು ಕಡಿಮೆ. ಮೊದಲ ವರ್ಷ ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗ ಆ ಎರಡು ತಿಂಗಳು ಅವರು ಅದೇ ಅಕ್ಕನಿಂದ ಒಣಮೀನು ತರುತ್ತಾರೆ. ಬೇಕೋ ಬೇಡವೋ, ಹೋಗುವುದನ್ನು ತಪ್ಪಿಸುವುದಿಲ್ಲ.

ಹೊತ್ತಿನ ವಿಷಯ. ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸಂಜೆ ನಾಲ್ಕೂವರೆಯ ಮೇಲೆ. ನಡುವೆ ಯಾರನ್ನೂ ಕಳುಹಿಸುವುದಿಲ್ಲ. ಕರಾವಳಿಯ ಏಪ್ರಿಲ್, ಮೇ ತಿಂಗಳ ಸೆಕೆಯನ್ನು ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರ ಮಟ್ಟಿಗೆ ಹಗುರವಾಗಿ ನೋಡಬೇಡಿ. ನಮ್ಮ ಒಬ್ಬ ಹುಡುಗ ಬೆವರಿ ಬೆವರಿ ಬಂದವನು ಮರುದಿನ ವಾಂತಿ ಮಾಡಿದ, ಕೈ ನಡುಗುತ್ತಿತ್ತು. ಆಸ್ಪತ್ರೆಗೆ ಒಯ್ದಾಗ, ಬೆವರಿನಲ್ಲಿ ನೀರು, ಉಪ್ಪು ಹೋಗಿ ರಕ್ತದಲ್ಲಿ ಲಿಥಿಯಂ ಏರಿತ್ತು. ಈಗ ಅವನ ಚೀಲದಲ್ಲಿ ನೀರಿನ ಬಾಟಲಿ ಇರಲೇಬೇಕು, ಹೊರಡುವ ಮೊದಲು ಒಂದು ಲೋಟ ಗಂಜಿ ತಿಳಿ ಕುಡಿಯಲೇಬೇಕು. ಉಪ್ಪನ್ನು ದಿಢೀರನೆ ಬಿಡುವ ಪಥ್ಯ ಮಾಡಬಾರದು ಎಂದು ಮನೆಯವರಿಗೂ ಹೇಳಿದ್ದೇವೆ. ನಡುಕ ತಗ್ಗಿಸಲು ಕೊಡುವ ಪ್ಯಾಸಿಟೇನ್ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರುವುದೇ ಕಡಿಮೆ, ಅವರಿಗೆ ಕೊಡೆ ಕಡ್ಡಾಯ. ರಾತ್ರಿಯ ಮಾತ್ರೆಯನ್ನು ಎಂಟಕ್ಕೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿದೆವು. ವೈದ್ಯರು ಯಾರಿಗೆ ಒಪ್ಪಿದರೋ ಅವರ ಪೈಕಿ ಹೆಚ್ಚಿನವರು ಬೆಳಿಗ್ಗೆ ಬೇಗ ಚುರುಕಾದರು.

ಇನ್ನೊಂದು ಎಚ್ಚರಿಕೆ. ಒಬ್ಬರು ಕೇಂದ್ರದ ಜಗಲಿಯಲ್ಲಿ ದಿನಕ್ಕೆ ಎರಡು ತಾಸು ಅತ್ತಿಂದಿತ್ತ ನಡೆಯುತ್ತಿದ್ದರು. ನಮ್ಮ ಪ್ರಯತ್ನ ಫಲಿಸಿತೆಂದು ನಾನು ಸಂತೋಷಪಟ್ಟು ಪುಸ್ತಕದಲ್ಲಿ ಬರೆದುಕೊಂಡೆ. ಅದು ಮಾತ್ರೆಯಿಂದ ಬಂದ ಚಡಪಡಿಕೆ ಎಂದು ನಮ್ಮ ನರ್ಸ್ ಗುರುತಿಸುವಷ್ಟರಲ್ಲಿ ಹತ್ತು ದಿನವಾಗಿತ್ತು. ಕುಳಿತರೆ ಕಾಲು ಸುಮ್ಮನಿರುತ್ತದೆಯೇ ಎಂದು ಈಗ ಮೊದಲು ನೋಡುತ್ತೇವೆ.

ಮಳೆಗಾಲಕ್ಕೆ ಬೇರೆ ದಾರಿಗಳನ್ನೂ ಹುಡುಕಿದೆವು. ಪಕ್ಕದ ಕೇರಿಯ ಹುಲಿವೇಷದ ಹುಡುಗರನ್ನು ಕರೆದು ಚಾವಡಿಯಲ್ಲಿ ತಾಸೆ ವಾದ್ಯ ಬಾರಿಸಲು ಹೇಳಿದೆವು. ಉಡುಪಿಯಲ್ಲಿ ಹುಟ್ಟಿದವರಿಗೆ ಆ ಪೆಟ್ಟು ಕಿವಿಗೆ ಬಿದ್ದರೆ ಕಾಲು ತಾನಾಗಿ ಏಳುತ್ತದೆ. ಮಾತೇ ಆಡದ ಇಬ್ಬರು ಎದ್ದು ಹೆಜ್ಜೆ ಹಾಕಿದ್ದನ್ನು ಕಣ್ಣಾರೆ ಕಂಡೆ. ಆದರೆ ಮೂವರು ಆ ಸದ್ದಿಗೆ ಕಂಗೆಟ್ಟು ಹಿತ್ತಲಿಗೆ ಹೋದರು, ಒಬ್ಬರಿಗೆ ರಾತ್ರಿ ಮತ್ತೆ ಧ್ವನಿಗಳು ಕೇಳಿದವು. ಈಗ ಮೊಬೈಲಿನಲ್ಲಿ ಸಣ್ಣ ಸದ್ದಿಗೆ ಹಾಕುತ್ತೇವೆ, ಬೇಡ ಎನ್ನುವವರಿಗೆ ಅಡುಗೆಮನೆಯಲ್ಲಿ ಕೆಲಸ ಇರುತ್ತದೆ. ಕುಣಿತ ಭಜನೆ ಮಾಡಿಸಿ ಎಂದು ಹಲವರು ಸಲಹೆ ಕೊಟ್ಟರು. ನಮ್ಮಲ್ಲಿ ಬ್ಯಾರಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಒಂದು ಧರ್ಮದ ಹಾಡಿಗೆ ಎಲ್ಲರನ್ನೂ ಕುಣಿಸುವುದು ನನಗೆ ಸರಿ ಕಾಣಲಿಲ್ಲ, ಬಿಟ್ಟೆ.

ಅಳತೆ. ತೂಕದ ಯಂತ್ರ ಕಂಡರೆ ಜನ ಮೂಲೆ ಸೇರುತ್ತಿದ್ದರು. ಟೈಲರಣ್ಣನ ಕೈಗೆ ಅಳತೆ ಟೇಪು ಕೊಟ್ಟೆ. ಮಾತ್ರೆಯಿಂದ ಅವರ ಬೆರಳು ಈಗಲೂ ಸ್ವಲ್ಪ ನಡುಗುತ್ತದೆ, ಆದರೆ ಟೇಪು ಸೊಂಟಕ್ಕೆ ಬಳಸಿದ ಕೂಡಲೇ ನಿಲ್ಲುತ್ತದೆ. ಉಸಿರು ಬಿಡಿ ಎನ್ನುತ್ತಾರೆ, ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ, ಓದುತ್ತಾರೆ, ಚೀಟಿಯಲ್ಲಿ ಬರೆದು ಮಡಚಿ ಆಯಾ ವ್ಯಕ್ತಿಯ ಕೈಗೇ ಕೊಡುತ್ತಾರೆ. ಹೆಂಗಸರ ಅಳತೆಯನ್ನು ಟೈಲರಣ್ಣನಿಂದ ಕಲಿತು ನಮ್ಮ ನರ್ಸ್ ತೆಗೆಯುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು ಎಂಬ ಗೆರೆಯ ಕೆಳಗೆ ಬಂದವರು ಇನ್ನೂ ನಾಲ್ವರೇ. ಆದರೆ ಮೊದಲ ಎಂಟು ತಿಂಗಳಲ್ಲಿ ಸೊಂಟ ಸರಾಸರಿ ನಾಲ್ಕು ಸೆಂಟಿಮೀಟರಿನಷ್ಟು ಇಳಿದಿತ್ತು. ಒಬ್ಬರು ಒಂಬತ್ತು ಕಿಲೋ ಇಳಿದರು, ಇಬ್ಬರು ಏರಿದರು. ವಾರಕ್ಕೆ 150 ನಿಮಿಷ ನಡೆಯಬೇಕು ಎಂಬ ಲೆಕ್ಕವನ್ನು ಆರು ಜನ ಮುಟ್ಟಿದ್ದಾರೆ, ಉಳಿದವರು ನೂರರ ಆಸುಪಾಸು.

ಖರ್ಚಿಗೆ ಬಂದರೆ, ಜೊತೆಗೆ ನಡೆಯಲು ನಮ್ಮಲ್ಲೇ ಗುಣವಾದ ಮೂವರಿಗೆ ತಿಂಗಳಿಗೆ ತಲಾ 1,500. ಚಿಲ್ಲರೆ ದರದ ಹೆಚ್ಚುವರಿ 800, ರಿಕ್ಷಾ ಬಾಡಿಗೆಯಲ್ಲಿ ಉಳಿದದ್ದು 600. ಚಪ್ಪಲಿ, ಕೊಡೆ ಎಂದು ವರ್ಷಕ್ಕೆ ಏಳೆಂಟು ಸಾವಿರ. ಚಪ್ಪಲಿಯಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. ಸಕ್ಕರೆ ಕಾಯಿಲೆ ಇದ್ದವರ ಹಿಮ್ಮಡಿಯ ಒಂದು ಹುಣ್ಣಿಗೆ ನಾವು ಕೊಟ್ಟ ಬಿಲ್ಲು ಮೂವತ್ತು ಜೊತೆ ಚಪ್ಪಲಿಯ ಬೆಲೆಯಷ್ಟಿತ್ತು.

ಶುರು ಮಾಡುವವರು ಮಳೆ ಬಿಟ್ಟ ಮೇಲೆ, ಅಕ್ಟೋಬರಿನಲ್ಲಿ ಶುರು ಮಾಡಿ. ಮೊದಲ ವಾರ ಗೇಟಿನವರೆಗೆ ಹೋಗಿ ಬಂದರೂ ಸಾಕು. ಟೈಲರಣ್ಣನಿಗೆ ಕಳೆದ ತಿಂಗಳು ಜ್ವರ ಬಂದು ಎರಡು ದಿನ ಬರಲಿಲ್ಲ. ಎರಡನೆಯ ಸಂಜೆ ಸೊಪ್ಪಿನ ಅಂಗಡಿಯವರು ತಾವೇ ಬಾಗಿಲು ಮುಚ್ಚಿ ಕೇಂದ್ರಕ್ಕೆ ಬಂದರು. ಕೈಯಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿತ್ತು. "ಅವರ ಪಾಲಿನದ್ದು, ತೆಗೆದಿಟ್ಟಿದ್ದೆ" ಎಂದು ಲೆಕ್ಕ ನೋಡುವ ಹಿರಿಯರ ಮೇಜಿನ ಮೇಲೆ ಇಟ್ಟರು. ಹಿರಿಯರು ಎದ್ದು ಹೋಗಿ ಅವರಿಗೆ ಕುರ್ಚಿ ತಂದು ಹಾಕಿದರು.