ಹಳೇ ಗೇಮ್ ಡಿಸ್ಕ್ ಕೈ ಬದಲಾಗುವ ಮುನ್ನ

ನಿಮ್ಮ ಮನೆಯ ಬೀರುವಿನಲ್ಲಿ 2007ರಿಂದ 2012ರ ನಡುವೆ ಬಂದ ಕಂಪ್ಯೂಟರ್ ಗೇಮ್‌ಗಳ ಡಿಸ್ಕ್ ಇರಬಹುದು. ಅವನ್ನು ಮಾರೋಣ, ಇಲ್ಲವೇ ಸ್ನೇಹಿತರ ಹತ್ತಿರ ಬೇರೆ ಗೇಮ್‌ಗೆ ಅದಲು ಬದಲು ಮಾಡೋಣ ಅಂತ ಅಂದುಕೊಂಡಿದ್ದೀರಾ? ಹಾಗಾದರೆ ಮೊದಲು ಒಂದು ಮಾತು. ಆ ಗೇಮ್ ಹಾಕಿರುವ ಕಂಪ್ಯೂಟರನ್ನು ಸದ್ಯಕ್ಕೆ ಫಾರ್ಮ್ಯಾಟ್ ಮಾಡಬೇಡಿ. ಡಿಸ್ಕ್ ಒರೆಸುವುದು, ಬಾಕ್ಸ್ ಹುಡುಕುವುದು, ಬೆಲೆ ಮಾತಾಡುವುದು ಎಲ್ಲ ಆಮೇಲೆ.

ಯಾಕೆ ಅಂದರೆ, ಆ ಕಾಲದ ಎಷ್ಟೋ ಗೇಮ್‌ಗಳಿಗೆ ಒಂದು ಲೆಕ್ಕ ಇತ್ತು. ಇಷ್ಟು ಕಂಪ್ಯೂಟರ್‌ಗಳಲ್ಲಿ ಮಾತ್ರ ಹಾಕಬಹುದು ಅನ್ನುವ ಲೆಕ್ಕ. ಅದು ಡಿಸ್ಕಿನಲ್ಲಿ ಇರುವುದಿಲ್ಲ, ಕಂಪನಿಯ ಸರ್ವರ್‌ನಲ್ಲಿ ಇರುತ್ತದೆ. ಡಿಸ್ಕ್ ಮೇಲೆ ಒಂದು ಗೀರೂ ಇಲ್ಲದಿರಬಹುದು, ಬಾಕ್ಸ್ ಹೊಸದರಂತೆ ಹೊಳೆಯುತ್ತಿರಬಹುದು. ಲೆಕ್ಕ ಮುಗಿದಿದ್ದರೆ ಕೊಂಡವರಿಗೆ ಸಿಗುವುದು ಬರೀ ಪ್ಲಾಸ್ಟಿಕ್. ಇಂಥ ಗೇಮ್ ಮಾರುವಾಗ ನಾವು ನಿಜವಾಗಿ ಮಾರುವುದು ಉಳಿದಿರುವ ಆ ಲೆಕ್ಕವನ್ನು.

ಇದು ಶುರುವಾದ ಬಗೆ ತಿಳಿದಿದ್ದರೆ ನಿಮ್ಮ ಕೈಯಲ್ಲಿರುವ ಡಿಸ್ಕ್ ಯಾವ ಗುಂಪಿಗೆ ಸೇರಿದ್ದು ಅಂತ ಊಹಿಸುವುದು ಸುಲಭ. 2007ರ ಆಗಸ್ಟ್‌ನಲ್ಲಿ ಬಯೋಶಾಕ್ ಅನ್ನುವ ಗೇಮ್ ಬಂತು. ಕಂಪ್ಯೂಟರ್ ಆವೃತ್ತಿಯನ್ನು ಎರಡು ಸಲ ಮಾತ್ರ ಆಕ್ಟಿವೇಟ್ ಮಾಡಬಹುದಿತ್ತು, ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ನ ಒಪ್ಪಿಗೆ ಪಡೆದು ತೆರೆಯಬಹುದಿತ್ತು. ಜನ ಗಲಾಟೆ ಮಾಡಿದ ಮೇಲೆ ಅದು ಐದಾಯಿತು. 2008ರ ಜೂನ್‌ನಲ್ಲಿ ಮಿತಿಯನ್ನೇ ತೆಗೆದುಹಾಕಿದರು. ಅದೇ ವರ್ಷ ಮಾಸ್ ಎಫೆಕ್ಟ್ ಮೂರು ಸಲದ ಮಿತಿಯೊಂದಿಗೆ ಬಂತು. ಸೆಪ್ಟೆಂಬರ್‌ನಲ್ಲಿ ಸ್ಪೋರ್ ಬಂದಾಗಲೂ ಮೂರೇ. ಆಗ ಅಮೆರಿಕದಲ್ಲಿ ಸಿಟ್ಟು ಕಟ್ಟೆಯೊಡೆಯಿತು. ಅಮೆಜಾನ್‌ನಲ್ಲಿ ಸಾವಿರಾರು ಜನ ಒಂದೇ ಸ್ಟಾರ್ ಕೊಟ್ಟರು, ಕಂಪನಿಯ ಮೇಲೆ ಕೇಸೂ ಬಿತ್ತು. ಕೊನೆಗೆ ಮಿತಿ ಐದಕ್ಕೆ ಏರಿತು. ಕ್ರೈಸಿಸ್ ವಾರ್‌ಹೆಡ್, ರೆಡ್ ಅಲರ್ಟ್ 3, ಡೆಡ್ ಸ್ಪೇಸ್ ಇವಕ್ಕೆಲ್ಲ ಐದರ ಮಿತಿ. ಇವುಗಳ ಹಿಂದೆ ಇದ್ದದ್ದು ಸೋನಿ ಸಮೂಹದ ಸೆಕ್ಯೂರಾಮ್ ಅನ್ನುವ ಬೀಗ. ಅನ್ನೋ 1404, ಅನ್ನೋ 2070 ಗೇಮ್‌ಗಳಿಗೆ ಟೇಜಸ್ ಅನ್ನುವ ಇನ್ನೊಂದು ಬೀಗ, ಮೂರು ಸಲದ ಮಿತಿ.

ಕಳ್ಳ ಪ್ರತಿ ತಡೆಯಲು ಅಂತ ಕಂಪನಿಗಳು ಹೇಳುತ್ತಿದ್ದವು. ಆದರೆ ಸ್ಪೋರ್‌ನ ಬೀಗ ಒಡೆದ ಪ್ರತಿ ಅಂಗಡಿಗೆ ಡಿಸ್ಕ್ ಬರುವ ಮುಂಚೆಯೇ ಇಂಟರ್ನೆಟ್‌ನಲ್ಲಿ ಓಡಾಡುತ್ತಿತ್ತು. ಅದನ್ನು ಇಳಿಸಿಕೊಂಡವರಿಗೆ ಯಾವ ಮಿತಿಯೂ ಇರಲಿಲ್ಲ. ದುಡ್ಡು ಕೊಟ್ಟು ಕೊಂಡವರು ಮತ್ತು ಅವರಿಂದ ನ್ಯಾಯವಾಗಿ ಸೆಕೆಂಡ್ ಹ್ಯಾಂಡ್ ಕೊಂಡವರು ಮಾತ್ರ ಸಿಕ್ಕಿಹಾಕಿಕೊಂಡರು. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಮೊದಲ ಹೆಜ್ಜೆ: ಯಾವ ಬೀಗ ಅಂತ ನೋಡಿ

ಬಾಕ್ಸ್ ತಿರುಗಿಸಿ. ಹಿಂದೆ ಕೆಳಗಡೆ, ಎಷ್ಟು ಮೆಮೊರಿ ಬೇಕು ಅಂತ ಬರೆದಿರುವ ಜಾಗದ ಹತ್ತಿರ, ಸಣ್ಣ ಅಕ್ಷರದ ಸಾಲುಗಳು ಇರುತ್ತವೆ. ಬೇಕಿದ್ದರೆ ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಇಂಟರ್ನೆಟ್ ಆಕ್ಟಿವೇಶನ್ ಬೇಕು, ಇಂತಿಷ್ಟು ಕಂಪ್ಯೂಟರ್‌ಗೆ ಮಾತ್ರ ಅಂತ ಇದ್ದರೆ ಅದು ಲೆಕ್ಕದ ಗೇಮ್. ಇಂಟರ್ನೆಟ್ ಮಾತೇ ಇಲ್ಲ, ಡಿಸ್ಕ್ ಡ್ರೈವ್‌ನಲ್ಲಿ ಇದ್ದರೆ ಸಾಕು ಅಂದರೆ ಅದು ಹಳೇ ಕಾಲದ ಬೀಗ. ಅಂಥದ್ದನ್ನು ನಿಶ್ಚಿಂತೆಯಿಂದ ಕೊಡಬಹುದು, ತೆಗೆದುಕೊಳ್ಳಬಹುದು. ಅದರಲ್ಲೂ ಒಂದು ತೊಡಕಿದೆ. ಸೇಫ್‌ಡಿಸ್ಕ್ ಅನ್ನುವ ಬೀಗ ಇರುವ ಗೇಮ್‌ಗಳು ವಿಂಡೋಸ್ 10ರಲ್ಲಿ ಓಡುವುದಿಲ್ಲ. ಅದಕ್ಕೆ ಬೇಕಾದ ಫೈಲನ್ನು ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ಅದರಲ್ಲಿ ಇಡಲೇ ಇಲ್ಲ. ಕೊಳ್ಳುವವರ ಹತ್ತಿರ ಯಾವ ವಿಂಡೋಸ್ ಇದೆ ಅಂತ ಕೇಳಿಯೇ ಕೊಡಿ.

ಸ್ಟೀಮ್ (ಗೇಮ್ ಮಾರುವ ಒಂದು ಆನ್‌ಲೈನ್ ಅಂಗಡಿ) ಅಕೌಂಟ್ ಬೇಕು ಅಂತ ಬಾಕ್ಸಿನ ಮೇಲೆ ಇದ್ದು, ಒಮ್ಮೆ ಅದರ ಕೀಯನ್ನು, ಅಂದರೆ ಬಾಕ್ಸಿನ ಜೊತೆ ಬರುವ ಗುಟ್ಟಿನ ಅಕ್ಷರ, ಅಂಕಿಗಳ ಸಾಲನ್ನು, ಯಾರಾದರೂ ಬಳಸಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. 2004ರಲ್ಲಿ ಬಂದ ಹಾಫ್ ಲೈಫ್ 2ರಿಂದಲೇ ಈ ಪದ್ಧತಿ ಇದೆ. ಕೀ ಒಬ್ಬರ ಅಕೌಂಟ್‌ಗೆ ಸೇರಿದ ಮೇಲೆ ಇನ್ನೊಬ್ಬರಿಗೆ ಆಗುವುದಿಲ್ಲ. ಜರ್ಮನಿಯ ಗ್ರಾಹಕ ಸಂಘಟನೆ ಇದನ್ನು ಪ್ರಶ್ನಿಸಿ 2010ರಲ್ಲಿ ಅಲ್ಲಿನ ಉನ್ನತ ಕೋರ್ಟಿನಲ್ಲಿ ಸೋತಿತು. ಫ್ರಾನ್ಸ್‌ನಲ್ಲಿ 2019ರಲ್ಲಿ ಗ್ರಾಹಕರ ಪರ ಬಂದ ತೀರ್ಪು 2022ರ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಆದ್ದರಿಂದ ಬಳಸಿದ ಸ್ಟೀಮ್ ಬಾಕ್ಸನ್ನು ಗೇಮ್ ಅಂತ ಮಾರಬೇಡಿ.

ಎರಡನೆಯದು: ಲೆಕ್ಕ ಹೇಗೆ ಖರ್ಚಾಗುತ್ತದೆ

ಇಲ್ಲಿಯೇ ಜಾಸ್ತಿ ಜನ ಎಡವುವುದು. ‘ನಾನು ಒಂದೇ ಕಂಪ್ಯೂಟರ್‌ನಲ್ಲಿ ಆಡಿದ್ದು, ಒಂದೇ ಸಲ ಖರ್ಚಾಗಿದೆ’ ಅಂತ ಪ್ರಾಮಾಣಿಕವಾಗಿ ಹೇಳುತ್ತಾರೆ. ಆದರೆ ಸರ್ವರ್‌ಗೆ ನಿಮ್ಮ ಮೇಜಿನ ಮೇಲಿರುವ ಪೆಟ್ಟಿಗೆ ಕಾಣುವುದಿಲ್ಲ. ಒಳಗಿನ ಭಾಗಗಳನ್ನು ಸೇರಿಸಿ ಮಾಡಿದ ಒಂದು ಬೆರಳಚ್ಚು ಮಾತ್ರ ಕಾಣುತ್ತದೆ. ಮದರ್‌ಬೋರ್ಡ್ ಬದಲಾಯಿಸಿದರೆ ಆ ಬೆರಳಚ್ಚು ಬದಲಾಗುತ್ತದೆ. ಸರ್ವರ್ ಪಾಲಿಗೆ ಅದು ಇನ್ನೊಂದು ಕಂಪ್ಯೂಟರ್.

2012ರ ಜನವರಿಯಲ್ಲಿ ನಡೆದದ್ದನ್ನು ನೋಡಿ. ನೆದರ್ಲೆಂಡ್ಸ್‌ನ ಗುರು ತ್ರೀಡಿ ತಂಡದವರು ಹೊಸ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಪರೀಕ್ಷೆ ಮಾಡಿ ಬರೆಯುವವರು. ಅನ್ನೋ 2070 ಹಾಕಿಕೊಂಡು ಒಂದೊಂದೇ ಕಾರ್ಡ್ ಬದಲಿಸುತ್ತಾ ಹೋದರು. ಕಾರ್ಡ್ ಬದಲಾದಾಗಲೆಲ್ಲ ಒಂದು ಆಕ್ಟಿವೇಶನ್ ಹೋಯಿತು. ಮೂರು ಮುಗಿದಾಗ ಗೇಮ್ ತೆರೆಯಲೇ ಇಲ್ಲ. ಕಂಪ್ಯೂಟರ್ ಅದೇ, ಆಡುವವರೂ ಅವರೇ. ಸುದ್ದಿ ಹರಡಿದ ಮೇಲೆ ಗೇಮ್ ಹೊರತಂದ ಯೂಬಿಸಾಫ್ಟ್ ಕಂಪನಿ ಗ್ರಾಫಿಕ್ಸ್ ಕಾರ್ಡನ್ನು ಆ ಲೆಕ್ಕದಿಂದ ಬಿಟ್ಟಿತು.

ನಮ್ಮಲ್ಲಿ ಇದು ಇನ್ನೂ ಹತ್ತಿರದ ವಿಷಯ. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋಗಿ ಒಂದು ತಿಂಗಳು ಕಾರ್ಡ್, ಇನ್ನೊಂದು ತಿಂಗಳು ಬೋರ್ಡ್ ಅಂತ ದುಡ್ಡು ಕೂಡಿದಂತೆಲ್ಲ ಕಂಪ್ಯೂಟರ್ ಕಟ್ಟಿಕೊಂಡವರು ನಾವು. ಹಾಗಾಗಿ ‘ಎಷ್ಟು ಕಂಪ್ಯೂಟರ್‌ನಲ್ಲಿ ಹಾಕಿದ್ದೆ’ ಅಂತ ಮಾತ್ರ ನೆನಪು ಮಾಡಿಕೊಂಡರೆ ಸಾಲದು. ಗೇಮ್ ತಂದ ಮೇಲೆ ಏನೇನು ಬದಲಿಸಿದೆ, ಎಷ್ಟು ಸಲ ವಿಂಡೋಸ್ ಹೊಸದಾಗಿ ಹಾಕಿದೆ ಅಂತಲೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅನುಮಾನ ಬಂದರೆ ಖರ್ಚಾಗಿದೆ ಅಂತಲೇ ಹಿಡಿಯಿರಿ.

ಮೂರನೆಯದು: ಮಾರುವವರ ಕೆಲಸ

ಎಷ್ಟೋ ಗೇಮ್‌ಗಳಲ್ಲಿ ಖರ್ಚಾದ ಲೆಕ್ಕವನ್ನು ವಾಪಸ್ ಪಡೆಯಬಹುದು. ಇದಕ್ಕೆ ರಿವೋಕ್ ಅಂತಾರೆ, ಕೆಲವು ಕಂಪನಿಗಳು ಡಿಆಥರೈಸ್ ಅಂದವು. ಗೇಮ್ ಹಾಕಿರುವ ಫೋಲ್ಡರ್‌ನಲ್ಲಿ ಈ ಹೆಸರಿನ ಚಿಕ್ಕ ಪ್ರೋಗ್ರಾಂ ಇದೆಯಾ ನೋಡಿ. ಕೆಲವು ಗೇಮ್‌ಗಳಿಗೆ ಕಂಪನಿಯವರು ಅದನ್ನು ಆಮೇಲೆ ಬೇರೆಯಾಗಿ ಕೊಟ್ಟರು. ಕೆಲವು ಗೇಮ್‌ಗಳು ಅನ್‌ಇನ್‌ಸ್ಟಾಲ್ ಮಾಡುವಾಗಲೇ ‘ಲೈಸೆನ್ಸ್ ಹಿಂದಿರುಗಿಸಲೇ’ ಅಂತ ಕೇಳುತ್ತವೆ. ಆಗ ಓದದೆ ಬೇಡ ಅಂತ ಒತ್ತಿಬಿಡಬೇಡಿ.

ಇಲ್ಲಿ ಕ್ರಮ ಮುಖ್ಯ. ಇಂಟರ್ನೆಟ್ ಹಾಕಿ, ರಿವೋಕ್ ಮಾಡಿ, ಯಶಸ್ವಿಯಾಯಿತು ಅನ್ನುವ ಸಂದೇಶ ಬಂದಾಗ ಪರದೆಯ ಫೋಟೊ ತೆಗೆಯಿರಿ. ಆಮೇಲೆ ಅನ್‌ಇನ್‌ಸ್ಟಾಲ್. ಫಾರ್ಮ್ಯಾಟ್ ಕೊಟ್ಟ ಕೊನೆಗೆ. ಈ ಕ್ರಮ ತಪ್ಪಿ ಮೊದಲೇ ಫಾರ್ಮ್ಯಾಟ್ ಮಾಡಿದರೆ ಆ ಆಕ್ಟಿವೇಶನ್ ಸರ್ವರ್‌ನಲ್ಲಿ ನಿಮ್ಮ ಹೆಸರಿಗೇ ಉಳಿದುಬಿಡುತ್ತದೆ. ಅದನ್ನು ವಾಪಸ್ ಕೊಡಬೇಕಿದ್ದ ಗುರುತು ಕಂಪ್ಯೂಟರಿನಿಂದ ಅಳಿಸಿಹೋಗಿರುತ್ತದೆ.

ಅನ್‌ಇನ್‌ಸ್ಟಾಲ್ ಮಾಡುವ ಮುಂಚೆ ನಿಮ್ಮ ಸೇವ್ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸ್ಪೋರ್ ಆಡಿದವರಾದರೆ ಡಾಕ್ಯುಮೆಂಟ್ಸ್ ಒಳಗೆ ಮೈ ಸ್ಪೋರ್ ಕ್ರಿಯೇಷನ್ಸ್ ಅನ್ನುವ ಫೋಲ್ಡರ್ ಇರುತ್ತದೆ. ಮಕ್ಕಳು ಗಂಟೆಗಟ್ಟಲೆ ಕೂತು ಮಾಡಿದ ಆರು ಕಾಲಿನ, ಮೂರು ಕಣ್ಣಿನ ಪ್ರಾಣಿಗಳೆಲ್ಲ ಅದರಲ್ಲಿವೆ. ಗೇಮ್ ಹೋದರೂ ಅವು ಮನೆಯಲ್ಲಿರಲಿ.

ಕೊಟ್ಟ ಮೇಲೆ ನಿಮ್ಮ ಹತ್ತಿರ ಪ್ರತಿ ಇಟ್ಟುಕೊಳ್ಳುವಂತಿಲ್ಲ. ಯುರೋಪಿನ ಕೋರ್ಟ್ 2012ರ ಜುಲೈ 3ರಂದು ಒರಾಕಲ್ ಮತ್ತು ಹಳೇ ಲೈಸೆನ್ಸ್ ಮಾರುವ ಯೂಸ್ಡ್‌ಸಾಫ್ಟ್ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ಬಳಸಿದ ಸಾಫ್ಟ್‌ವೇರ್ ಲೈಸೆನ್ಸ್ ಮರುಮಾರಾಟಕ್ಕೆ ಒಪ್ಪಿತು. ಅಲ್ಲಿಯೂ ಇದೇ ಷರತ್ತು: ಮಾರಿದವರು ತಮ್ಮ ಪ್ರತಿಯನ್ನು ಬಳಸದಂತೆ ಮಾಡಬೇಕು. ಅಮೆರಿಕದಲ್ಲಿ ಗಾಳಿ ಬೇರೆ ಕಡೆ ಬೀಸಿತು. 2010ರಲ್ಲಿ ಆಟೋಡೆಸ್ಕ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಮೊಕದ್ದಮೆಯಲ್ಲಿ ಮೇಲ್ಮನವಿ ಕೋರ್ಟ್, ಗ್ರಾಹಕರು ಕೊಂಡದ್ದು ಸಾಫ್ಟ್‌ವೇರ್ ಅಲ್ಲ, ಅದರ ಲೈಸೆನ್ಸ್ ಮಾತ್ರ ಎಂದಿತು.

ಇನ್ನು ಕೀ. ಮ್ಯಾನ್ಯುಯಲ್‌ನ ಹಿಂಬದಿಯಲ್ಲೋ ಬಾಕ್ಸಿನ ಒಳಗೋ ಅಂಟಿಸಿರುತ್ತಾರೆ. ಅಕ್ಷರ ಎಲ್ಲ ಇದೆಯಾ ಎಣಿಸಿ. ಸುಮ್ನೆ ಹೇಳುತ್ತಿಲ್ಲ. 2008ರಲ್ಲಿ ರೆಡ್ ಅಲರ್ಟ್ 3ರ ಕೆಲವು ಮ್ಯಾನ್ಯುಯಲ್‌ಗಳಲ್ಲಿ ಕೀಯ ಕೊನೆಯ ಅಕ್ಷರವೇ ಅಚ್ಚಾಗಿರಲಿಲ್ಲ. ಎ ಇಂದ ಝಡ್, ಸೊನ್ನೆಯಿಂದ ಒಂಬತ್ತು, ಒಂದೊಂದಾಗಿ ಹಾಕಿ ನೋಡಿ ಅಂತ ಕಂಪನಿಯ ಸಹಾಯವಾಣಿಯೇ ಹೇಳಿತ್ತು. ಹೀಗೆ ಹುಡುಕಿದ ಅಕ್ಷರವನ್ನು ಪೆನ್ನಿನಲ್ಲಿ ಬರೆದಿಡದೆ ಡಿಸ್ಕ್ ಮಾರಿದರೆ ಮುಂದಿನವರು ಮತ್ತೆ ಮೊದಲಿನಿಂದ ಹುಡುಕಬೇಕು. ಜಾಹೀರಾತಿಗೆ ಫೋಟೊ ಹಾಕುವಾಗ ಕೀಯನ್ನು ಬೆರಳಿನಿಂದಲಾದರೂ ಮುಚ್ಚಿ. ಅದನ್ನು ನೋಡಿ ಯಾರೋ ಆಕ್ಟಿವೇಟ್ ಮಾಡಿಬಿಟ್ಟರೆ ನಿಮ್ಮ ಲೆಕ್ಕ ಅಲ್ಲಿಗೇ ಹೋಯಿತು.

ಬಾಕ್ಸಿನೊಳಗೆ ಒಂದು ಚೀಟಿ ಇಡಿ. ಮಿತಿ ಎಷ್ಟು, ಎಷ್ಟು ಖರ್ಚಾಗಿದೆ, ಎಷ್ಟು ವಾಪಸ್ ಮಾಡಿದ್ದೀರಿ, ಯಾವ ತಾರೀಖು. ಅಂಗಡಿಯ ಹಳೇ ಬಿಲ್ ಇದ್ದರೆ ಅದೂ ಜೊತೆಗಿರಲಿ. ಲೆಕ್ಕ ಮುಗಿದಾಗ ಸಹಾಯವಾಣಿಗೆ ಬರೆದು ಇನ್ನೊಂದು ಸಲ ಅವಕಾಶ ಕೇಳಬಹುದು. ಆಗ ಬಿಲ್ಲು, ಡಿಸ್ಕು, ಕೀ ಮೂರರ ಫೋಟೊ ಇದ್ದರೆ ಮಾತಿಗೆ ತೂಕ ಬರುತ್ತದೆ.

ನಾಲ್ಕನೆಯದು: ಕೊಳ್ಳುವವರು ಕೇಳಬೇಕಾದದ್ದು

ಡಿಸ್ಕ್ ಗೀರಾಗಿದೆಯಾ ಅನ್ನುವುದು ಕೊನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ಎಷ್ಟು ಆಕ್ಟಿವೇಶನ್ ಉಳಿದಿದೆ ಅಂತ. ಆಮೇಲೆ ಈ ಕೀಯನ್ನು ಯಾವುದಾದರೂ ಆನ್‌ಲೈನ್ ಅಕೌಂಟ್‌ಗೆ ಸೇರಿಸಿದ್ದೀರಾ ಅಂತ. ಸ್ಪೋರ್‌ನಲ್ಲಿ ಒಂದು ಕೀಗೆ ಒಂದೇ ಅಕೌಂಟ್. ಹಿಂದಿನವರು ಅಕೌಂಟ್ ಮಾಡಿಕೊಂಡಿದ್ದರೆ ನೀವು ಗೇಮ್ ಆಡಬಹುದು, ಆದರೆ ಬೇರೆಯವರು ಮಾಡಿದ ಪ್ರಾಣಿಗಳನ್ನು ತರಿಸಿಕೊಳ್ಳುವ ಆನ್‌ಲೈನ್ ಭಾಗಕ್ಕೆ ನಿಮ್ಮ ಹೆಸರಲ್ಲಿ ಹೋಗಲಾಗದು.

ಸರ್ವರ್ ಇನ್ನೂ ಇದೆಯಾ ಅನ್ನುವುದೂ ಮುಖ್ಯ. ಡಿಸ್ನಿಯ ಟ್ರಾನ್ ಎವಲ್ಯೂಷನ್ 2010ರಲ್ಲಿ ಬಂದ ಗೇಮ್. 2019ರಲ್ಲಿ ಅದರ ಸೆಕ್ಯೂರಾಮ್ ವ್ಯವಸ್ಥೆ ನಿಂತುಹೋಗಿ, ದುಡ್ಡು ಕೊಟ್ಟು ಕೊಂಡವರಿಗೂ ಅದನ್ನು ಆಕ್ಟಿವೇಟ್ ಮಾಡಲಾಗಲಿಲ್ಲ. ಅಂಥ ಗೇಮ್‌ನಲ್ಲಿ ಐದಕ್ಕೆ ಐದೂ ಉಳಿದಿದ್ದರೂ ಪ್ರಯೋಜನವಿಲ್ಲ. ಹಾಗಂತ ಯಾರೋ ಕೊಟ್ಟ, ಬೀಗ ಒಡೆಯುವ ಕ್ರ್ಯಾಕ್ ಫೈಲ್ ಹಾಕಲು ಹೋಗಬೇಡಿ. ಅದರ ಜೊತೆ ಏನು ಒಳಗೆ ಬರುತ್ತದೆ ಅಂತ ಗೊತ್ತಾಗುವುದಿಲ್ಲ.

ಬೆಲೆ ಮಾತಾಡುವ ಮುಂಚೆ ಅದೇ ಗೇಮ್ ಡಿಜಿಟಲ್ ಆಗಿ ಎಷ್ಟಕ್ಕೆ ಇದೆ ನೋಡಿ. ಬಯೋಶಾಕ್, ಸ್ಪೋರ್, ಡೆಡ್ ಸ್ಪೇಸ್ ಎಲ್ಲ ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಯಾವ ಬೀಗವೂ ಇಲ್ಲದೆ ಸಿಗುತ್ತವೆ, ಸೇಲ್ ಬಂದಾಗ ಇನ್ನೂ ಅಗ್ಗ. ಬರೀ ಆಡುವ ಆಸೆ ಇದ್ದರೆ ಅದೇ ಒಳ್ಳೆಯದು ಅಂತ ನಾನು ಹೇಳುತ್ತೇನೆ. ಡಿಸ್ಕಿಗೆ ಬೆಲೆ ಇರುವುದು ಬಾಕ್ಸು, ಮ್ಯಾನ್ಯುಯಲ್, ಭೂಪಟ ಎಲ್ಲ ಜೋಡಿಸಿಡುವ ಆಸೆ ಇರುವವರಿಗೆ. ನೀವು ಅಂಥವರಾದರೆ, ಸಾಧ್ಯವಿದ್ದಲ್ಲಿ ಮಾರುವವರ ಎದುರಿಗೇ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಆಕ್ಟಿವೇಟ್ ಆದ ಮೇಲೆ ದುಡ್ಡು ಕೊಡಿ. ಕೊರಿಯರ್‌ನಲ್ಲಿ ತರಿಸುವುದಾದರೆ ಅರ್ಧ ಈಗ, ಅರ್ಧ ಆಕ್ಟಿವೇಟ್ ಆದ ಮೇಲೆ ಅಂತ ಮೊದಲೇ ಮಾತಾಡಿಕೊಳ್ಳಿ.

ನಾನು ಹಾಗೆ ಮಾಡಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಹುಡುಗನಿಂದ ಕಾರ್ ರೇಸಿನ ಗೇಮ್ ಒಂದನ್ನು ಕೊಂಡು ಮನೆಗೆ ತಂದೆ. ಮುಕ್ಕಾಲು ಗಂಟೆ ಇನ್‌ಸ್ಟಾಲ್ ಆಯಿತು. ಕೀ ಹಾಕಿದೆ. ಆಕ್ಟಿವೇಶನ್ ಮಿತಿ ಮುಗಿದಿದೆ ಅನ್ನುವ ಬೂದು ಬಣ್ಣದ ಪುಟ್ಟ ಕಿಟಕಿ ತೆರೆದುಕೊಂಡಿತು. ಫೋನ್ ಮಾಡಿದರೆ ಆ ಹುಡುಗನಿಗೂ ಆಶ್ಚರ್ಯ. ಇಂಥದ್ದೊಂದು ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಲೆಕ್ಕ ಹಾಕಿದೆವು. ಹಾಸ್ಟೆಲ್‌ನ ಕಂಪ್ಯೂಟರ್, ಅದು ಫಾರ್ಮ್ಯಾಟ್ ಆಗಿದೆ. ಒಂದು ಲ್ಯಾಪ್‌ಟಾಪ್, ಅದನ್ನು ಮಾರಿಬಿಟ್ಟಿದ್ದಾನೆ. ಮೂರನೆಯದು ದಾವಣಗೆರೆಯ ಮನೆಯಲ್ಲಿ ಅಟ್ಟದ ಮೇಲಿದ್ದ ಹಳೇ ಕಂಪ್ಯೂಟರ್. ಅದನ್ನು ಯಾರೂ ಮುಟ್ಟಿರಲಿಲ್ಲ.

‘ದೀಪಾವಳಿಗೆ ಊರಿಗೆ ಹೋಗ್ತೀನಿ ಸರ್, ನೋಡ್ತೀನಿ’ ಅಂದ. ಹಬ್ಬದ ಮಾರನೇ ದಿನ ಬೆಳಿಗ್ಗೆ ಫೋನ್ ಬಂತು. ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಮೊಬೈಲ್‌ನಿಂದ ಇಂಟರ್ನೆಟ್ ಕೊಟ್ಟು ರಿವೋಕ್ ಮಾಡಿದ್ದ. ಅವನು ಲೈನ್‌ನಲ್ಲಿ ಇರುವಾಗಲೇ ನಾನು ಮತ್ತೆ ಕೀ ಹಾಕಿದೆ. ಈ ಸಲ ಆ ಕಿಟಕಿ ಬರಲಿಲ್ಲ, ಗೇಮ್‌ನ ಸಂಗೀತ ಶುರುವಾಯಿತು. ಫೋನಿನಲ್ಲಿ ಅವನಿಗೂ ಕೇಳಿಸಿತು. ‘ಅದೇ ಸರ್, ಅದೇ’ ಅಂದ.